ಬಂಡೆಯ ಮೇಲೆ ಟವರ್, ಸಿಡಿಲಿಗೆ ದಾರಿ ಎಲ್ಲಿ?

ವರ್ಷದ ಮೊದಲ ಗುಡುಗು ಬರುವುದು ನೆಲ ಪೂರ್ತಿ ಒಣಗಿರುವ ಹೊತ್ತಿಗೆ. ಕಾಲಡಿ ಮಣ್ಣೇ ಇಲ್ಲದ ಕಲ್ಲುಭೂಮಿಯಲ್ಲಿ ಹ್ಯಾಂ ರೇಡಿಯೋ ಟವರ್ ನಿಲ್ಲಿಸಿದವರು ಸಿಡಿಲನ್ನು ಎಲ್ಲಿಗೆ ಕಳಿಸಬೇಕು? ಆಳಕ್ಕೆ ಇಳಿಯಲಾಗದಿದ್ದರೆ ಅಗಲಕ್ಕೆ ಹರಡಬೇಕು. ಹರಡಿದ್ದೆಲ್ಲವನ್ನೂ ಒಂದೇ ಆಗಿ ಬೆಸೆಯಬೇಕು!

ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ. ರಾಮನಗರದ ಬಂಡೆಗಳ ಮೇಲೆ ಬರಿಗಾಲಿಡಲು ಆಗದಷ್ಟು ಕಾವು. ಆಕಾಶದಲ್ಲಿ ಹಿಡಿ ಮೋಡವೂ ಇಲ್ಲ. ಆದರೆ 7 ಮೆಗಾಹರ್ಟ್ಸ್ ಆಸುಪಾಸಿನ 40 ಮೀಟರ್ ಬ್ಯಾಂಡಿಗೆ ತಿರುಗಿಸಿಟ್ಟ ರೇಡಿಯೋದಲ್ಲಿ ಆಗಲೇ ಸದ್ದು ಶುರುವಾಗಿದೆ. ಚರ್ರ್... ಚಟ್... ಮತ್ತೆ ಚರ್ರ್.

ಅದು ದೂರದಲ್ಲೆಲ್ಲೋ ಹೊಡೆಯುತ್ತಿರುವ ಮಿಂಚಿನ ದನಿ. ನೂರಾರು ಕಿಲೋಮೀಟರ್ ಆಚೆ ಮೋಡ ಕಟ್ಟಿದರೂ ಹ್ಯಾಂ ರೇಡಿಯೋದವರ ಕಿವಿಗೆ ಸುದ್ದಿ ಮುಟ್ಟುತ್ತದೆ. ಸಂಜೆಯಾಗುತ್ತಾ ಚಟಪಟ ಹೆಚ್ಚುತ್ತದೆ, ಎದುರಿನವರ ಮಾತು ಅದರಲ್ಲಿ ಮುಳುಗುತ್ತದೆ. ಬೆಟ್ಟದ ಬೆನ್ನಿಗೆ ಕಪ್ಪು ಮೋಡ ಮೂಡುವ ಹೊತ್ತಿಗೆ ಅನುಭವಸ್ಥರು ಆಂಟೆನಾ ಕೇಬಲ್ ಕಳಚಿ ಎದ್ದಿರುತ್ತಾರೆ.

ಟವರ್ ಮಾತ್ರ ಎಲ್ಲಿಗೂ ಹೋಗುವಂತಿಲ್ಲ. ಹದಿನೈದೋ ಇಪ್ಪತ್ತೋ ಮೀಟರ್ ಎತ್ತರದ ಆ ಕಬ್ಬಿಣ ಬಯಲಿನಲ್ಲಿ ಒಂಟಿಯಾಗಿ ನಿಂತು, ಬರುವ ಸಿಡಿಲನ್ನು ಮೈಮೇಲೆ ತಗೊಳ್ಳಲೇಬೇಕು. ತಗೊಂಡದ್ದನ್ನು ನೆಲಕ್ಕೆ ಇಳಿಸಲೇಬೇಕು. ಆ ನೆಲವೇ ಕಲ್ಲಾಗಿದ್ದರೆ?

ಹೊತ್ತಿಗೊದಗುವ ಹವ್ಯಾಸ

ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಮತ್ತು ಕರೆಸಂಕೇತ ಪಡೆದು, ಲಾಭದ ಆಸೆಯಿಲ್ಲದೆ ಜಗತ್ತಿನ ಜೊತೆ ಮಾತಾಡುವವರು ಹ್ಯಾಂಗಳು. ಬೆಂಗಳೂರು ದಶಕಗಳಿಂದ ಈ ಹವ್ಯಾಸದ ದೊಡ್ಡ ನೆಲೆ. ಹ್ಯಾಂಗಳಿಗೆಂದೇ ರೂಪಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹವನ್ನು ಇಸ್ರೊ 2005ರ ಮೇ 5ರಂದು ಕಕ್ಷೆಗೆ ಸೇರಿಸಿತು.

2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್‌ಗೆ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಂ ತಂಡ ಪೋರ್ಟ್‌ಬ್ಲೇರ್‌ನಲ್ಲೇ ಇತ್ತು. ದ್ವೀಪದಿಂದ ಹವ್ಯಾಸಿ ಸಂಪರ್ಕ ನಡೆಸಲೆಂದು ಹೋದವರು ಗಂಟೆಗಳೊಳಗೆ ತುರ್ತು ಸಂದೇಶವಾಹಕರಾದರು. ಫೋನುಗಳು ಸತ್ತಾಗ ಅವರ ರೇಡಿಯೋ ಮಾತಾಡಿತು.

ಹೀಗೆ ಎಲ್ಲ ಕೈಕೊಟ್ಟಾಗ ಕೆಲಸಕ್ಕೆ ಬರಬೇಕಾದ ಕೇಂದ್ರವೇ ಮೊದಲ ಸಿಡಿಲಿಗೆ ಸುಟ್ಟು ಕೂತರೆ ಅದರ ಅರ್ಥವೇನು? ಆಂಟೆನಾ, ಟವರ್, ರೇಡಿಯೋ ಎಲ್ಲಕ್ಕೂ ಉತ್ಸಾಹದಿಂದ ದುಡ್ಡು ಸುರಿಯುತ್ತೇವೆ. ಭೂಸಂಪರ್ಕಕ್ಕೆ, ಅಂದರೆ ಅರ್ಥಿಂಗ್‌ಗೆ, ಉಳಿಯುವುದು ಚಿಲ್ಲರೆ. ಈ ಲೆಕ್ಕ ತಿರುಗುಮುರುಗಾಗಬೇಕು.

ಇದು ಉಪಕರಣದ ಪ್ರಶ್ನೆಯಷ್ಟೇ ಅಲ್ಲ. ದೇಶದಲ್ಲಿ ಸಿಡಿಲಿಗೆ ಬಲಿಯಾಗುವವರ ಸಂಖ್ಯೆ ಈಚಿನ ವರ್ಷಗಳಲ್ಲಿ 2,500 ದಾಟುತ್ತಿದೆ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳು. ಟವರ್ ನಿಲ್ಲಿಸಿದವರ ಮನೆಯೊಳಗೆ ಮಕ್ಕಳಿದ್ದಾರೆ, ಪಕ್ಕದಲ್ಲಿ ನೆರೆಹೊರೆಯಿದೆ.

ಕಲ್ಲಿನ ಮೇಲೆ ಕೂತ ನಾಡು

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭೂವಿಜ್ಞಾನಿಗಳು ಅದನ್ನು ಪೆನಿನ್ಸುಲರ್ ನೈಸ್ ಎನ್ನುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ದಕ್ಷಿಣ ಕರ್ನಾಟಕದ ಬಹುಭಾಗಕ್ಕೆ ಇದೇ ತಳಪಾಯ.

ರಾಮನಗರದ ಬೆಟ್ಟಗಳದ್ದು ಅದಕ್ಕಿಂತ ಕಿರಿಯ ಕಲ್ಲು, ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಅದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರು ಬಂತು. ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಉದ್ದಕ್ಕೆ ಈ ಪಟ್ಟಿ ಹಾದುಹೋಗಿದೆ.

ಇಂಥ ಕಡೆ ಅರ್ಥಿಂಗ್ ಗುಂಡಿ ತೆಗೆದು ನೋಡಿ. ಮೇಲೆ ಎರಡಡಿ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಬಂಡೆ. ತಾಮ್ರ ಲೇಪಿಸಿದ ಸರಳನ್ನು ನಿಲ್ಲಿಸಿ ಸುತ್ತಿಗೆಯಲ್ಲಿ ಹೊಡೆದರೆ ಮೊದಲ ಏಟುಗಳಿಗೆ ಸಲೀಸಾಗಿ ಇಳಿಯುತ್ತದೆ. ಆಮೇಲೆ ಸದ್ದು ಬದಲಾಗುತ್ತದೆ. ದಪ್‌ ದಪ್ ಇದ್ದದ್ದು ಠಣ್ ಠಣ್ ಆಗುತ್ತದೆ. ಸರಳು ಪುಟಿಯುತ್ತದೆ, ಅದರ ನೆತ್ತಿ ಚಪ್ಪಟೆಯಾಗಿ ಅಂಚು ಹರಡಿಕೊಳ್ಳುತ್ತದೆ, ಹಿಡಿದವರ ಅಂಗೈ ಜೋಮು ಹಿಡಿಯುತ್ತದೆ. ಕೆಲಸದವರು ಒಂದೇ ಮಾತು ಹೇಳುತ್ತಾರೆ: ‘ಕಲ್ಲು ಬಂತು ಸಾರ್.’

ಮುಂದೆ ನಡೆಯುವುದೇ ಅನಾಹುತದ ಬೀಜ. ಮೂರು ಮೀಟರ್ ಸರಳಿನ ಮೇಲಿನ ಎರಡು ಮೀಟರನ್ನು ಗರಗಸದಲ್ಲಿ ಕೊಯ್ದು, ಉಳಿದ ತುಂಡಿಗೆ ತಂತಿ ಬಿಗಿದು, ಮೇಲೆ ಸಿಮೆಂಟ್ ಮುಚ್ಚಳ ಹಾಕಿ ಹೋಗುತ್ತಾರೆ. ಮುಚ್ಚಳ ನೋಡಿದವರಿಗೆ ಅರ್ಥಿಂಗ್ ಇದೆ ಎಂಬ ಸಮಾಧಾನ. ಸಿಡಿಲಿಗೆ ಬೇಕಾದ ದಾರಿ ಅಲ್ಲಿಲ್ಲ.

ನೆಲದ ಜಾತಿ ಬದಲಾದರೆ ಅರ್ಥಿಂಗ್‌ನ ಹಣೆಬರಹವೇ ಬದಲಾಗುತ್ತದೆ. ಗದಗ, ವಿಜಯಪುರದ ಎರೆಭೂಮಿ ತೇವ ಹಿಡಿದಿರುವಾಗ ಒಂದೇ ಸರಳು ಚೆನ್ನಾಗಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಅದೇ ಎರೆಮಣ್ಣು ಬಿರುಕು ಬಿಟ್ಟು ಸರಳಿನಿಂದ ದೂರ ಸರಿಯುತ್ತದೆ. ಕಲ್ಲುಭೂಮಿಯಲ್ಲಿ ಸರಳಿಗೆ ಅಷ್ಟು ಕಾಲದ ಹಿಡಿತವೂ ಸಿಗುವುದಿಲ್ಲ.

> ನೆಲ ಎಷ್ಟು ತಡೆಯುತ್ತದೆ?
> ನೆಲದ ರೋಧಕತೆಯನ್ನು ಅಳೆಯುವುದು ಓಂ-ಮೀಟರ್‌ನಲ್ಲಿ. ಎಂಜಿನಿಯರುಗಳು ಮೊದಲ ಅಂದಾಜಿಗೆ ಬಳಸುವ ಅಂಕಿಗಳಿವು:
> • ಹಸಿಯಾದ, ಕೊಳೆತ ಎಲೆಗೊಬ್ಬರದ ಮಣ್ಣು: 10
> • ತೇವದ ಮಣ್ಣು: 100
> • ಒಣಮಣ್ಣು: 1,000
> • ಗಟ್ಟಿ ಬಂಡೆ: 10,000
> ಒಂದೊಂದು ಮೆಟ್ಟಿಲಿಗೂ ತಡೆ ಹತ್ತು ಪಟ್ಟು. 16 ಮಿಲಿಮೀಟರ್ ದಪ್ಪದ ಮೂರು ಮೀಟರ್ ಸರಳು ತೇವದ ಮಣ್ಣಿನಲ್ಲಿ ಸುಮಾರು 33 ಓಂ ಕೊಟ್ಟರೆ, ಒಣಮಣ್ಣಿನಲ್ಲಿ 335 ಓಂ, ಬಂಡೆಯಲ್ಲಿ 3,000 ಓಂಗೂ ಹೆಚ್ಚು.

ದಾರಿ ಇಲ್ಲದ ಮಿಂಚು

ನೆಲದ ದಾರಿ ಸಿಗದ ಮಿಂಚು ಏನು ಮಾಡುತ್ತದೆ ಎಂಬುದನ್ನು ಜಗತ್ತು 1753ರಲ್ಲೇ ಕಂಡಿತು. ಅದರ ಹಿಂದಿನ ವರ್ಷ, 1752ರ ಮೇ 10ರಂದು, ಬೆಂಜಮಿನ್ ಫ್ರಾಂಕ್ಲಿನ್ ಬರೆದಿಟ್ಟಿದ್ದ ಪ್ರಯೋಗವನ್ನು ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ನಡೆಸಲಾಗಿತ್ತು. ಎತ್ತರದ ಕಬ್ಬಿಣದ ಕಂಬದಿಂದ ಕಿಡಿ ಎಳೆದು, ಮಿಂಚು ವಿದ್ಯುತ್ತೇ ಎಂದು ತೋರಿಸಿದ್ದರು. ಯುರೋಪಿನ ವಿಜ್ಞಾನಿಗಳಿಗೆಲ್ಲ ಅದೇ ಗುಂಗು.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವಿಜ್ಞಾನಿ ಗೇಯಾರ್ಗ್ ರಿಖ್‌ಮನ್ ತಮ್ಮ ಮನೆಯ ಮಾಡಿನ ಮೇಲೊಂದು ಕಬ್ಬಿಣದ ಸರಳು ನೆಟ್ಟು, ಅದರಿಂದ ತಂತಿಯನ್ನು ಮನೆಯೊಳಗಿನ ಅಳತೆಯ ಉಪಕರಣಕ್ಕೆ ಎಳೆದಿದ್ದರು. ಮೋಡದ ವಿದ್ಯುತ್ತನ್ನು ಹಿಡಿದಿಟ್ಟು ಅಳೆಯಬೇಕಿತ್ತು. ಹಾಗಾಗಿ ಸರಳಿಗೆ ನೆಲದ ಸಂಪರ್ಕವನ್ನೇ ಕೊಟ್ಟಿರಲಿಲ್ಲ.

1753ರ ಆಗಸ್ಟ್ 6. ವಿಜ್ಞಾನ ಅಕಾಡೆಮಿಯ ಸಭೆಯಲ್ಲಿದ್ದ ರಿಖ್‌ಮನ್ ಗುಡುಗು ಕೇಳಿ ಮನೆಗೆ ಧಾವಿಸಿದರು. ಜೊತೆಗೆ ಚಿತ್ರ ಕೆತ್ತುವ ಕಲಾವಿದರೊಬ್ಬರಿದ್ದರು. ಉಪಕರಣದತ್ತ ರಿಖ್‌ಮನ್ ಬಾಗಿದ ಕ್ಷಣದಲ್ಲಿ ಸರಳಿನಿಂದ ನೀಲಿ ಬೆಂಕಿಯುಂಡೆ ಅವರ ಹಣೆಗೆ ನೆಗೆಯಿತು. ಅವರು ಅಲ್ಲೇ ಅಸುನೀಗಿದರು. ಕಾಲಿನ ಬೂಟು ಹರಿದಿತ್ತು, ಕೋಣೆಯ ಬಾಗಿಲು ಕಿತ್ತುಬಂದಿತ್ತು.

ಮಿಂಚಿಗೆ ಅವರ ದೇಹವೇ ನೆಲಕ್ಕೆ ಹೋಗುವ ದಾರಿಯಾಯಿತು. ಇಂದಿನ ರೇಡಿಯೋ ಕೋಣೆಯಲ್ಲೂ ನಿಯಮ ಬದಲಾಗಿಲ್ಲ. ದಾರಿ ನಾವು ಕೊಡದಿದ್ದರೆ ಸಿಡಿಲು ತಾನೇ ಹುಡುಕಿಕೊಳ್ಳುತ್ತದೆ. ಅದು ಹಾಯುವುದು ಕೇಬಲ್, ರೇಡಿಯೋ, ಸ್ವಿಚ್‌ಬೋರ್ಡ್ ಮೂಲಕವೂ ಇರಬಹುದು, ಮೈಕ್ ಹಿಡಿದ ಕೈ ಮೂಲಕವೂ ಇರಬಹುದು.

> ಎತ್ತರ ಇಮ್ಮಡಿ, ಅಪಾಯ ನಾಲ್ಮಡಿ
> ಬಯಲಲ್ಲಿ ಒಂಟಿಯಾಗಿ ನಿಂತ ಟವರ್ ತನ್ನ ಎತ್ತರದ ಮೂರು ಪಟ್ಟು ದೂರದವರೆಗಿನ ಸಿಡಿಲುಗಳನ್ನು ತನ್ನತ್ತ ಸೆಳೆಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಚದರ ಕಿಲೋಮೀಟರಿಗೆ ವರ್ಷಕ್ಕೆ ಐದು ಸಿಡಿಲು ಬೀಳುವ ಜಾಗವೆಂದು ಇಟ್ಟುಕೊಂಡರೆ:
> • 15 ಮೀಟರ್ ಟವರ್: ಸುಮಾರು 31 ವರ್ಷಕ್ಕೊಂದು ನೇರ ಹೊಡೆತ
> • 30 ಮೀಟರ್ ಟವರ್: ಸುಮಾರು 8 ವರ್ಷಕ್ಕೊಂದು
> ಗುಡ್ಡದ ನೆತ್ತಿಯಲ್ಲಿದ್ದರೆ ಸರದಿ ಇನ್ನೂ ಬೇಗ ಬರುತ್ತದೆ. ಒಳ್ಳೆಯ ಅರ್ಥಿಂಗ್ ಮಾಡಿದರೆ ಸಿಡಿಲನ್ನು ಕರೆದಂತಾಗುತ್ತದೆ ಎಂಬ ಮಾತು ಸುಳ್ಳು. ಸಿಡಿಲನ್ನು ಕರೆಯುವುದು ಎತ್ತರ. ಬಂದದ್ದನ್ನು ಸುರಕ್ಷಿತವಾಗಿ ಕಳಿಸುವುದು ಅರ್ಥಿಂಗ್.

ಸಿಡಿಲಿನ ಗಣಿತ

ಮೋಡದಿಂದ ನೆಲಕ್ಕೆ ಹೊಡೆಯುವ ಸಾಧಾರಣ ಸಿಡಿಲಿನ ಮೊದಲ ಹೊಡೆತದಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ದೊಡ್ಡವು ಲಕ್ಷ ದಾಟುತ್ತವೆ. ಅದು ಹಾಯುವ ಗಾಳಿಯ ಉಷ್ಣತೆ ಸೂರ್ಯನ ಮೇಲ್ಮೈಯ ಐದು ಪಟ್ಟು.

ಕಲ್ಲುಭೂಮಿಯಲ್ಲಿ ಕಷ್ಟಪಟ್ಟು 30 ಓಂ ಅರ್ಥಿಂಗ್ ಮಾಡಿದ್ದೀರಿ ಎಂದುಕೊಳ್ಳಿ. 30,000 ಆಂಪಿಯರ್ ಅದರ ಮೂಲಕ ಇಳಿದರೆ ಟವರ್‌ನ ಬುಡ ದೂರದ ನೆಲಕ್ಕಿಂತ 9 ಲಕ್ಷ ವೋಲ್ಟ್ ಮೇಲೇರುತ್ತದೆ. ಸಾಹಸ ಮಾಡಿ 5 ಓಂಗೆ ಇಳಿಸಿದರೂ ಒಂದೂವರೆ ಲಕ್ಷ ವೋಲ್ಟ್.

ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಸಿಡಿಲಿನ ವಿದ್ಯುತ್ ಏರುವುದು ಮೈಕ್ರೋಸೆಕೆಂಡುಗಳಲ್ಲಿ. ಅಷ್ಟು ವೇಗಕ್ಕೆ ನೇರ ತಂತಿಯೂ ಪ್ರತಿರೋಧ ಒಡ್ಡುತ್ತದೆ. ಮೈಕ್ರೋಸೆಕೆಂಡಿಗೆ 10,000 ಆಂಪಿಯರ್ ಏರುವ ಸಿಡಿಲು ಸಾಮಾನ್ಯ ತಂತಿಯ ಪ್ರತಿ ಮೀಟರಿಗೂ ಸುಮಾರು 10,000 ವೋಲ್ಟ್ ಹುಟ್ಟಿಸುತ್ತದೆ. ಮೊದಲ ಮಹಡಿಯ ರೇಡಿಯೋ ಕೋಣೆಯಿಂದ ಗುಂಡಿಗೆ ಐದು ಮೀಟರ್ ತಂತಿ ಇಳಿಬಿಟ್ಟಿದ್ದರೆ, ಅದರ ಎರಡು ತುದಿಗಳ ನಡುವೆಯೇ 50,000 ವೋಲ್ಟ್. ಆದ್ದರಿಂದಲೇ ತಂತಿಯ ಬದಲು ಅಗಲದ ಪಟ್ಟಿ ಬೇಕು, ದಾರಿ ಚಿಕ್ಕದಿರಬೇಕು, ತಿರುವುಗಳು ನುಣ್ಣಗಿರಬೇಕು. ಉಳಿದ ತಂತಿಯನ್ನು ಸುರುಳಿ ಸುತ್ತಿ ಗೋಡೆಗೆ ತೂಗುಹಾಕುವುದಂತೂ ಆಗಲೇಬಾರದು.

ಓಂ ಎಷ್ಟು ಬಂತು ಎಂಬ ಅಂಕಿಯ ಹಿಂದೆ ಬಿದ್ದರೆ ಅರ್ಧ ಕೆಲಸವಷ್ಟೇ ಆಗುತ್ತದೆ ಎಂದು ಈ ಗಣಿತ ಹೇಳುತ್ತದೆ. ಉಳಿದರ್ಧ ಎಲ್ಲಿದೆ ಎಂದು ನೋಡುವ ಮುನ್ನ, ಮರುಭೂಮಿಯಲ್ಲಿ ಇದೇ ಸಮಸ್ಯೆ ಬಿಡಿಸಿದ ಎಂಜಿನಿಯರೊಬ್ಬರನ್ನು ನೆನೆಯಬೇಕು.

ಅರಿಜೋನಾದ ಪಾಠ

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಸೇನೆ ಅರಿಜೋನಾದ ಟೂಸಾನ್ ಮತ್ತು ಫ್ಲ್ಯಾಗ್‌ಸ್ಟಾಫ್ ಬಳಿ ಬಾಂಬು ಕೂಡಿಡುವ ಕಟ್ಟಡಗಳನ್ನು ಕಟ್ಟಿತು. ಸಿಡಿಲು ಬಡಿದರೆ ಊರಿಗೆ ಊರೇ ಹಾರಿಹೋಗುವ ಜಾಗ. ಆದರೆ ಟೂಸಾನ್ ಇರುವುದು ಒಣ ಮರುಭೂಮಿಯಲ್ಲಿ. ಟೂಸಾನ್‌ನಲ್ಲಿ ಬೀಳುವ ಮಳೆ ಬೆಂಗಳೂರಿನ ಸುಮಾರು ಮೂರನೇ ಒಂದು ಪಾಲು. ಸರಳು ಹೊಡೆದು ಒಳ್ಳೆಯ ಅರ್ಥಿಂಗ್ ಪಡೆಯುವುದು ದುಸ್ತರವಾಗಿತ್ತು.

ಸೇನೆಯ ಸಲಹೆಗಾರರಾಗಿದ್ದ ಹರ್ಬರ್ಟ್ ಯೂಫರ್ ಕಟ್ಟಡದ ತಳಪಾಯದತ್ತ ನೋಡಿದರು. ಕಾಂಕ್ರೀಟಿನೊಳಗಿನ ಕಬ್ಬಿಣವನ್ನೇ ಅರ್ಥಿಂಗ್ ಮಾಡಿದರೆ? ಕಾಂಕ್ರೀಟ್ ಸುತ್ತಲಿನ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದ್ದನ್ನು ಬೇಗ ಬಿಟ್ಟುಕೊಡುವುದಿಲ್ಲ. ಅದರೊಳಗಿನ ಕ್ಷಾರ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ತಳಪಾಯ ನೆಲವನ್ನು ಮುಟ್ಟುವ ವಿಸ್ತಾರವಂತೂ ಯಾವ ಸರಳಿಗೂ ಸಿಗದಷ್ಟು ದೊಡ್ಡದು.

ಸುಮಾರು ಎರಡು ದಶಕಗಳ ನಂತರ ಅದೇ ಕಟ್ಟಡಗಳಿಗೆ ಮರಳಿ ಅಳೆದು ನೋಡಿದಾಗ ಯಾವುದೂ 5 ಓಂ ದಾಟಿರಲಿಲ್ಲ. ಆ ವಿಧಾನಕ್ಕೆ ಇಂದಿಗೂ ಅವರದೇ ಹೆಸರು: ಯೂಫರ್ ಗ್ರೌಂಡ್.

ಟವರ್ ಕಟ್ಟುವವರಿಗೆ ಇದು ವರದಾನ. ಟವರ್‌ಗೆ ಕಾಂಕ್ರೀಟ್ ಬುಡ ಹೇಗೂ ಬೇಕು. ಕಾಂಕ್ರೀಟ್ ಸುರಿಯುವ ಮುನ್ನ ಒಳಗಿನ ಕಬ್ಬಿಣದ ಸರಳುಗಳನ್ನು ಒಂದಕ್ಕೊಂದು ಬಿಗಿದು, ಟವರ್‌ನ ಕಾಲು ಹಿಡಿಯುವ ಬೋಲ್ಟುಗಳಿಗೂ ಬೆಸೆದು, ಒಂದು ತುದಿಯನ್ನು ಹೊರಗೆ ಬಿಟ್ಟರೆ ಸಾಕು. ಖರ್ಚು ತೀರಾ ಕಡಿಮೆ. ಆದರೆ ಅವಕಾಶ ಸಿಗುವುದು ಒಂದೇ ಸಲ. ಸುರಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಬೋಲ್ಟುಗಳನ್ನು ಕಬ್ಬಿಣದ ಜಾಲಕ್ಕೆ ಬೆಸೆಯದೆ ಬಿಟ್ಟರೆ ಬೇರೆ ಅಪಾಯವಿದೆ. ಸಿಡಿಲು ಬೋಲ್ಟಿನಿಂದ ಜಾಲಕ್ಕೆ ಹಾರುವಾಗ ಕಾಂಕ್ರೀಟಿನೊಳಗಿನ ತೇವ ಆವಿಯಾಗಿ ಬುಡವನ್ನೇ ಸೀಳಬಹುದು. ಬುಡ ಕೂತಿರುವುದು ನೇರ ಬಂಡೆಯ ಮೇಲಾದರೆ ಯೂಫರ್ ಒಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಕಾಂಕ್ರೀಟ್ ತೇವ ಹೀರಲು ಸುತ್ತ ಮಣ್ಣಿರಬೇಕಲ್ಲ?

ಆಳ ಸಿಗದಿದ್ದರೆ ಅಗಲ

ಬಂಡೆ ಅಡ್ಡ ಬಂದಾಗ ಮೊದಲ ಪಾಠ: ಸರಳನ್ನು ಕೊಯ್ಯಬೇಡಿ. ಓರೆಯಾಗಿ ಹೊಡೆಯಿರಿ. ಅದೂ ಆಗದಿದ್ದರೆ ಕಾಲುವೆ ತೋಡಿ ಮಲಗಿಸಿ.

ಮಲಗಿಸುವುದೆಂದರೆ ಸೋತು ರಾಜಿಯಾದಂತೆ ಅನ್ನಿಸಬಹುದು. ಲೆಕ್ಕ ಬೇರೆಯೇ ಹೇಳುತ್ತದೆ. 1,000 ಓಂ-ಮೀಟರ್ ಒಣನೆಲದಲ್ಲಿ ನೆಟ್ಟ ಮೂರು ಮೀಟರ್ ಸರಳು 335 ಓಂ ಕೊಡುತ್ತದೆ. ಅದೇ ನೆಲದಲ್ಲಿ ಅರ್ಧ ಮೀಟರ್ ಆಳದಲ್ಲಿ 20 ಮೀಟರ್ ಉದ್ದಕ್ಕೆ ಮಲಗಿಸಿದ ತಂತಿ ಸುಮಾರು 90 ಓಂ ಕೊಡುತ್ತದೆ. ಒಂದು ಕಾಲುವೆ ಸುಮಾರು ನಾಲ್ಕು ಸರಳುಗಳಿಗೆ ಸಮ. ಅದೂ ಗುದ್ದಲಿ, ಹಾರೆಯಲ್ಲೇ ಆಗುವ ಕೆಲಸ.

ಟವರ್‌ನ ಬುಡದಿಂದ ಇಂಥ ನಾಲ್ಕೈದು ಕಾಲುವೆಗಳು ಬೇರೆಬೇರೆ ದಿಕ್ಕಿಗೆ ಹೊರಡಲಿ. ಸಿಡಿಲಿನ ವಿದ್ಯುತ್ ಪಾಲಾಗಿ ಹಂಚಿಹೋಗುತ್ತದೆ. ಒಂದೇ ದಿಕ್ಕಿಗೆ ನೂರು ಮೀಟರ್ ಎಳೆದರೆ ಅಷ್ಟು ಉಪಯೋಗವಿಲ್ಲ, ಏಕೆಂದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಸಿಡಿಲು ತಂತಿಯ ದೂರದ ತುದಿಯನ್ನು ಬಳಸಿಕೊಳ್ಳಲಾರದು. ಇಪ್ಪತ್ತರಿಂದ ಇಪ್ಪತ್ತೈದು ಮೀಟರಿನ ಹಲವು ಕವಲುಗಳು ಉದ್ದದ ಒಂದು ಕವಲಿಗಿಂತ ಮೇಲು. ದಾರಿಯಲ್ಲಿ ಎಲ್ಲಿ ಮಣ್ಣು ಆಳವಾಗಿದೆಯೋ, ಬಂಡೆಯ ಸಂದಿನಲ್ಲಿ ಎಲ್ಲಿ ಗರಸು ತುಂಬಿದೆಯೋ ಅಲ್ಲಿ ಸರಳನ್ನು ನೆಡಿ. ಎರಡು ಸರಳುಗಳ ನಡುವೆ ಕನಿಷ್ಠ ಒಂದು ಸರಳಿನ ಉದ್ದದಷ್ಟು ಅಂತರವಿರಲಿ. ಟವರ್ ಹಿಡಿದ ತಂತಿಗಳ ಗೂಟಗಳಿಗೂ ಒಂದೊಂದು ಸರಳು ಸೇರಲಿ.

ಮಣ್ಣೇ ಇಲ್ಲದ ಬರಿ ಬಂಡೆಯಾದರೆ? ಪಟ್ಟಿಯನ್ನು ಬಂಡೆಯ ಮೈಮೇಲೆಯೇ ಹಾಸಿ, ಅದರ ಮೇಲೆ ವಿದ್ಯುತ್ ಹಾಯುವ ಕಾಂಕ್ರೀಟ್ ಮೆತ್ತುವ ಕ್ರಮವಿದೆ. ಬಂಡೆ ಕೊರೆದು ರಂಧ್ರಕ್ಕೆ ಸರಳಿಳಿಸಿ ಬೆಂಟೋನೈಟ್ ತುಂಬುವುದು ಇನ್ನೊಂದು ದಾರಿ. ಕೊಳವೆಬಾವಿ ಕೊರೆಯುವ ಲಾರಿ ಪ್ರತಿ ತಾಲ್ಲೂಕಿನಲ್ಲೂ ಸಿಗುವ ನಮ್ಮಲ್ಲಿ ಇದು ಕಷ್ಟವಲ್ಲ. ಬಳಸದ ಕೊಳವೆಬಾವಿಗೆ ಕಬ್ಬಿಣದ ಕೇಸಿಂಗ್ ಇದ್ದರೆ ಅದನ್ನೂ ಜಾಲಕ್ಕೆ ಬೆಸೆಯಬಹುದು. ಕೇಸಿಂಗ್ ಪ್ಲಾಸ್ಟಿಕ್ ಆಗಿದ್ದರೆ ಉಪಯೋಗವಿಲ್ಲ. ಬಾವಿಯ ಬಾಯಿ ಮುಚ್ಚಿರುವುದಂತೂ ಕಡ್ಡಾಯ.

> ಉಪ್ಪೋ, ಬೆಂಟೋನೈಟೋ?
> ಜಿಐ ಪೈಪಿನ ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ ನೀರು ಹೊಯ್ಯುವುದು ನಮ್ಮ ಹಳೆಯ ಪದ್ಧತಿ. ಕೆಲಸ ಮಾಡುತ್ತದೆ, ಆದರೆ ಮಳೆಗೆ ಉಪ್ಪು ತೊಳೆದುಹೋಗುತ್ತದೆ, ಉಳಿದದ್ದು ಲೋಹವನ್ನು ತಿನ್ನುತ್ತದೆ. ಕೆಲವು ವರ್ಷಗಳ ನಂತರ ಗುಂಡಿ ತೆಗೆದರೆ ಪೈಪಿನ ಜಾಗದಲ್ಲಿ ತುಕ್ಕಿನ ಪುಡಿ ಸಿಗಬಹುದು.
> ಬೆಂಟೋನೈಟ್ ಒಂದು ಬಗೆಯ ಜೇಡಿ. ಗುಜರಾತಿನ ಕಛ್‌ನಲ್ಲಿ ಹೇರಳವಾಗಿ ಸಿಗುತ್ತದೆ. ನೀರು ಹೀರಿ ಉಬ್ಬಿ, ಸರಳು ಮತ್ತು ಬಂಡೆಯ ನಡುವಿನ ಸಂದುಗಳನ್ನು ತುಂಬುತ್ತದೆ, ಲೋಹವನ್ನು ಹೆಚ್ಚು ಕೊರೆಯುವುದಿಲ್ಲ. ಪೂರ್ತಿ ಒಣಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಆಗಾಗ ನೀರುಣಿಸಬೇಕು.

ಎಲ್ಲಕ್ಕೂ ಒಂದೇ ಭೂಮಿ

ಉಳಿದರ್ಧ ಕೆಲಸ ಇಲ್ಲಿದೆ, ಮತ್ತು ಜೀವ ಉಳಿಸುವುದು ಇದೇ.

ನಮ್ಮಲ್ಲಿ ಬೇರೂರಿದ ಒಂದು ನಂಬಿಕೆಯಿದೆ: ಮನೆಯ ಕರೆಂಟಿಗೆ ಒಂದು ಅರ್ಥಿಂಗ್, ಟವರ್‌ಗೆ ಇನ್ನೊಂದು, ರೇಡಿಯೋಗೆ ‘ಸ್ವಚ್ಛವಾದ’ ಮೂರನೆಯದು, ಮತ್ತು ಇವು ಒಂದನ್ನೊಂದು ಮುಟ್ಟಬಾರದು. ಸಿಡಿಲು ಮನೆಯೊಳಗೆ ಬಾರದಿರಲಿ ಎಂಬ ಒಳ್ಳೆಯ ಉದ್ದೇಶವೇ ಇದರ ಹಿಂದಿದೆ. ಪರಿಣಾಮ ಮಾತ್ರ ತದ್ವಿರುದ್ಧ.

ಟವರ್‌ನ ಬುಡ 9 ಲಕ್ಷ ವೋಲ್ಟ್‌ಗೆ ಏರಿದೆ. ಹತ್ತಿಪ್ಪತ್ತು ಮೀಟರ್ ಆಚೆ ಮನೆಯ ಅರ್ಥಿಂಗ್ ಅದಕ್ಕಿಂತ ಎಷ್ಟೋ ಕೆಳಗಿದೆ. ಎರಡನ್ನೂ ಮುಟ್ಟಿಕೊಂಡು ಕೂತಿರುವ ವಸ್ತು ಯಾವುದು? ರೇಡಿಯೋ. ಅದರ ಹಿಂಬದಿಗೆ ಟವರ್‌ನಿಂದ ಬಂದ ಕೋಆಕ್ಸ್ ಕೇಬಲ್, ಅದರ ಪ್ಲಗ್ಗಿಗೆ ಮನೆಯ ಅರ್ಥ್. ಎರಡು ಭೂಮಿಗಳ ನಡುವಿನ ಜಗಳ ತೀರುವುದು ಆ ಪೆಟ್ಟಿಗೆಯ ಒಳಗೆ. ಕಲ್ಲುಭೂಮಿಯಲ್ಲಿ ತಡೆ ಹೆಚ್ಚಿರುವುದರಿಂದ ಈ ವ್ಯತ್ಯಾಸವೂ ಹೆಚ್ಚು. ಬಂಡೆಯ ಮೇಲೆ ಮನೆ ಮಾಡಿದವರೇ ಈ ತಪ್ಪಿಗೆ ಹೆಚ್ಚು ಬೆಲೆ ತೆರುತ್ತಾರೆ.

ಪರಿಹಾರ ಸರಳ. ಟವರ್‌ನ ಜಾಲ, ಮನೆಯ ಅರ್ಥಿಂಗ್, ರೇಡಿಯೋ ಕೋಣೆಯ ಅರ್ಥ್ ಎಲ್ಲವನ್ನೂ ನೆಲದೊಳಗೆ ದಪ್ಪ ಪಟ್ಟಿಯಿಂದ ಒಂದಾಗಿ ಬೆಸೆಯಬೇಕು. ಕೆರೆ ತುಂಬಿ ನೀರೇರಿದಾಗ ಒಂದೇ ತೆಪ್ಪದಲ್ಲಿ ಕೂತವರೆಲ್ಲ ಒಟ್ಟಿಗೆ ಏರುತ್ತಾರೆ, ಯಾರೂ ಯಾರಿಗಿಂತ ಮೇಲಲ್ಲ. ಹಾಗೆಯೇ ಮನೆಯ ಲೋಹವೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅವುಗಳ ನಡುವೆ ವಿದ್ಯುತ್ ಹರಿಯಲು ಕಾರಣವೇ ಉಳಿಯುವುದಿಲ್ಲ. ಓಂ ಅಂಕಿ ಸ್ವಲ್ಪ ಹೆಚ್ಚಿದ್ದರೂ ಬೆಸುಗೆ ಪಕ್ಕಾ ಇದ್ದರೆ ಮನೆ ಉಳಿಯುತ್ತದೆ. ಓಂ ಎಷ್ಟು ಕಡಿಮೆಯಿದ್ದರೂ ಬೆಸುಗೆ ಇಲ್ಲದಿದ್ದರೆ ಉಳಿಯುವ ಭರವಸೆಯಿಲ್ಲ.

ಮನೆಯ ಸುತ್ತ, ಗೋಡೆಯಿಂದ ಒಂದು ಮೀಟರ್ ಆಚೆ, ಅರ್ಧ ಮೀಟರ್ ಆಳದಲ್ಲಿ ಪಟ್ಟಿಯೊಂದನ್ನು ಉಂಗುರವಾಗಿ ಸುತ್ತುವುದು ಅಂತರರಾಷ್ಟ್ರೀಯ ಮಾನದಂಡ ಒಪ್ಪಿದ ವಿಧಾನ. ಬಂಡೆಯ ನೆಲಕ್ಕೆ ಇದು ಹೇಳಿಮಾಡಿಸಿದ್ದು. ಟವರ್‌ನ ಕವಲುಗಳು ಬಂದು ಈ ಉಂಗುರಕ್ಕೆ ಸೇರಲಿ.

ಕೇಬಲ್‌ಗಳು ಮನೆ ಹೊಕ್ಕುವ ಜಾಗವೂ ಒಂದೇ ಇರಲಿ. ಅಲ್ಲಿ ಗೋಡೆಗೊಂದು ಲೋಹದ ಫಲಕ. ಪ್ರತಿ ಕೋಆಕ್ಸ್ ಕೇಬಲ್ಲಿಗೂ ಫಲಕದ ಮೇಲೊಂದು ಸಿಡಿಲು ತಡೆ, ಆಂಟೆನಾ ತಿರುಗಿಸುವ ಮೋಟಾರಿನ ತಂತಿಗಳಿಗೂ ತಡೆ, ರೇಡಿಯೋಗೆ ಹೋಗುವ ಕರೆಂಟಿಗೂ ತಡೆ. ಕೋಆಕ್ಸ್‌ನ ಹೊರ ಕವಚ ಟವರ್‌ನ ತುದಿಯಲ್ಲಿ, ಬುಡದಲ್ಲಿ, ಫಲಕದಲ್ಲಿ ಮೂರೂ ಕಡೆ ಬೆಸೆದಿರಲಿ. ಫಲಕದಿಂದ ಉಂಗುರಕ್ಕೆ ಅಗಲ ಪಟ್ಟಿ ನೇರವಾಗಿ ಇಳಿಯಲಿ.

ಸಣ್ಣದೊಂದು ಎಚ್ಚರಿಕೆ: ಸತು ಲೇಪಿಸಿದ ಟವರ್‌ನ ಕಾಲಿಗೆ ತಾಮ್ರವನ್ನು ನೇರವಾಗಿ ಬಿಗಿದರೆ ಮಳೆನೀರಿನಲ್ಲಿ ಸತು ಕರಗಿ ತುಕ್ಕು ಶುರುವಾಗುತ್ತದೆ. ನಡುವೆ ಸ್ಟೇನ್‌ಲೆಸ್ ಸ್ಟೀಲಿನ ಕ್ಲಾಂಪ್ ಇರಲಿ. ನೆಲದೊಳಗಿನ ಸಂದುಗಳನ್ನು ನಟ್‌-ಬೋಲ್ಟಿಗೆ ಬಿಡದೆ ಬೆಸುಗೆ ಹಾಕಿಸಿ.

ಅಳೆಯದೆ ನಂಬಬೇಡಿ

ಅರ್ಥಿಂಗ್‌ನ ತಡೆಯನ್ನು ಅಳೆಯುವ ಉಪಕರಣ ಅರ್ಥ್ ಮೆಗ್ಗರ್. ಅದರ ಅಳತೆಗೆ ಎರಡು ಸಹಾಯಕ ಗೂಟ ಬೇಕು. ಒಂದು ದೂರಕ್ಕೆ, ಇನ್ನೊಂದು ಆ ದೂರದ ಶೇ 62ರ ಜಾಗಕ್ಕೆ. ಬಂಡೆಯ ಮೇಲೆ ಗೂಟ ಇಳಿಯದಿದ್ದರೆ ಒದ್ದೆ ಗೋಣಿತಾಟು ಹಾಸಿ, ಅದರ ಮೇಲೆ ಕಬ್ಬಿಣದ ತಗಡಿಟ್ಟು, ನೀರು ಹೊಯ್ದರೆ ಕೆಲಸವಾಗುತ್ತದೆ.

ಅಳೆಯುವ ಕಾಲ ಮುಖ್ಯ. ಮಳೆಗಾಲ ಮುಗಿದ ಅಕ್ಟೋಬರಿನಲ್ಲಿ ಅಳೆದರೆ ಎಂಥ ಅರ್ಥಿಂಗೂ ಒಳ್ಳೆಯ ಅಂಕಿ ತೋರಿಸುತ್ತದೆ. ನಮ್ಮ ಒಳನಾಡಿನಲ್ಲಿ ಸಿಡಿಲಿನ ಅಬ್ಬರ ಹೆಚ್ಚುವುದು ಏಪ್ರಿಲ್, ಮೇನಲ್ಲಿ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಆ ದಿನಗಳಲ್ಲಿ ನೆಲ ಆರು ತಿಂಗಳ ಬಿಸಿಲು ಕುಡಿದು ಒಣಗಿರುತ್ತದೆ. ವರ್ಷದ ಅತಿ ಕೆಟ್ಟ ನೆಲ ಮತ್ತು ಅತಿ ಬಿರುಸಿನ ಸಿಡಿಲು ಒಟ್ಟಿಗೆ ಬರುತ್ತವೆ. ಹಾಗಾಗಿ ಮಾರ್ಚ್‌ನಲ್ಲಿ ಅಳೆಯಿರಿ. ಆಗ ಬಂದ ಅಂಕಿಯೇ ನಿಜವಾದ ಅಂಕಿ.

ಭಾರತೀಯ ಮಾನಕ ಸಂಸ್ಥೆಯ ಐಎಸ್ 3043 ಸಂಹಿತೆ ಅರ್ಥಿಂಗ್‌ನ ಕ್ರಮವನ್ನು ವಿವರವಾಗಿ ಹೇಳುತ್ತದೆ. ಟವರ್ ಕಟ್ಟಿಸುವವರು ಅದನ್ನು ಬಲ್ಲ ಎಲೆಕ್ಟ್ರಿಷಿಯನ್‌ನನ್ನೇ ಹುಡುಕಲಿ.

> ಗುಡುಗು ಕೇಳಿಸಿದಾಗ
> • ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ.
> • ಕೇಬಲ್ ಕಳಚುವುದು ಮೋಡ ದೂರವಿರುವಾಗ. ಗುಡುಗು ಸಮೀಪಿಸಿದ ಮೇಲೆ ಅದನ್ನು ಮುಟ್ಟಲೇಬೇಡಿ.
> • ಟವರ್ ಬುಡದಲ್ಲಿ, ಹಿಡಿತಂತಿಗಳ ಹತ್ತಿರ ಜನ, ದನ ನಿಲ್ಲಬಾರದು. ನೆಲದಲ್ಲಿ ಹರಡುವ ವಿದ್ಯುತ್ ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ.
> • ರಾಜ್ಯದ ‘ಸಿಡಿಲು’, ಕೇಂದ್ರದ ‘ದಾಮಿನಿ’ ಆ್ಯಪ್‌ಗಳು ಮುನ್ನೆಚ್ಚರಿಕೆ ಕೊಡುತ್ತವೆ.

ಮೊದಲು ನೆಲ, ಆಮೇಲೆ ಆಕಾಶ

ಹೊಸದಾಗಿ ಪರವಾನಗಿ ಪಡೆದ ಹುಡುಗರು, ಹುಡುಗಿಯರು ಮೊದಲು ಕೇಳುವುದು ಯಾವ ಆಂಟೆನಾ, ಎಷ್ಟೆತ್ತರದ ಟವರ್ ಎಂದು. ಅವರಿಗೆ ಕಲಿಸುವ ಹಿರಿಯರು ಎದುರು ಪ್ರಶ್ನೆ ಹಾಕಬೇಕು: ನಿಮ್ಮ ಹಿತ್ತಲಲ್ಲಿ ಎಷ್ಟಡಿಗೆ ಕಲ್ಲು ಬರುತ್ತದೆ? ಈ ಉತ್ತರ ಗೊತ್ತಾದ ಮೇಲೆ ಟವರ್‌ನ ಎತ್ತರ ನಿರ್ಧರಿಸಿದರೆ ಸಾಕು. ಮೂವತ್ತು ಮೀಟರಿನ ಆಸೆ ಬಿಟ್ಟು ಹದಿನೈದಕ್ಕೆ ನಿಂತು, ಉಳಿದ ದುಡ್ಡನ್ನು ಕಾಲುವೆ, ಪಟ್ಟಿ, ಬೆಸುಗೆಗಳಿಗೆ ಹಾಕಿದವರು ಜಾಣರು.

ಕ್ಲಬ್ಬುಗಳು ಒಂದು ಕೆಲಸ ಮಾಡಬಹುದು. ಅರ್ಥ್ ಮೆಗ್ಗರ್ ಒಬ್ಬೊಬ್ಬರೂ ಕೊಳ್ಳುವ ವಸ್ತುವಲ್ಲ. ಕ್ಲಬ್ಬಿಗೊಂದು ಇದ್ದು, ಪ್ರತಿ ವರ್ಷ ಮಾರ್ಚ್‌ನಲ್ಲಿ ಸದಸ್ಯರ ಮನೆಮನೆಗೆ ಹೋಗಿ ಅಳೆದು, ಬೆಸುಗೆಗಳನ್ನು ಪರೀಕ್ಷಿಸಿ, ಅಂಕಿಗಳನ್ನು ಬರೆದಿಡಲಿ. ಹತ್ತು ವರ್ಷದಲ್ಲಿ ನಮ್ಮ ಕಲ್ಲುನೆಲದ ವರ್ತನೆಯ ಬಗ್ಗೆ ಯಾವ ಪುಸ್ತಕದಲ್ಲೂ ಇಲ್ಲದ ದಾಖಲೆ ಕೈಗೆ ಬರುತ್ತದೆ. ಅದು ಹ್ಯಾಂಗಳಿಗಷ್ಟೇ ಅಲ್ಲ, ಬೆಟ್ಟದ ಮೇಲಿನ ಶಾಲೆಗೂ ತೋಟದ ಪಂಪ್‌ಹೌಸಿಗೂ ಬೇಕಾದ ಮಾಹಿತಿ.

ಬಂಡೆಯನ್ನು ಬದಲಿಸಲು ನಮ್ಮಿಂದಾಗದು, ಸಿಡಿಲನ್ನು ತಡೆಯಲೂ ಆಗದು. ಎರಡರ ನಡುವಿನ ಕೆಲವು ಮೀಟರ್ ಪಟ್ಟಿ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಅಗಲವಾಗಿ ಹರಡಿ, ಒಂದಾಗಿ ಬೆಸೆದು, ವರ್ಷಕ್ಕೊಮ್ಮೆ ಅಳೆದರೆ, ಊರಿನ ಫೋನುಗಳೆಲ್ಲ ಮೌನವಾದ ದಿನ ಕರೆಗೆ ಓಗೊಡುವ ಒಂದು ಕೇಂದ್ರವಾದರೂ ಉಳಿದಿರುತ್ತದೆ.